ವಿಡಿಯೊ ಗೇಮ್‌ಗಳಲ್ಲಿ ಅಲೆದಾಟದ ಕಥನ

ಆಟಗಾರ ಒಂದು ಜಾಗದಲ್ಲಿ ತಿರುಗಾಡುತ್ತ, ಕಂಡದ್ದನ್ನು ಕೂಡಿಸಿಕೊಂಡು ತಾನೇ ಕತೆಯನ್ನು ಅರಿಯುವ ಬಗೆಯ ಕಥನ. ಇಲ್ಲಿ ಅಂಕ, ಕಾಳಗಗಳಿಗಿಂತ ಬಿಟ್ಟುಹೋದ ಪತ್ರ, ಮುರಿದ ಗೋಡೆ, ಖಾಲಿ ಕೋಣೆಗಳಿಗೆ ಹೆಚ್ಚು ಬೆಲೆ.

ಇದರ ಬೇರು ನಿಜವಾದ ಗುಹೆಯೊಂದರಲ್ಲಿದೆ. ಅಮೆರಿಕದ ಪ್ರೋಗ್ರಾಮರ್ ವಿಲ್ ಕ್ರೌದರ್ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಇಳಿದು ನಕ್ಷೆ ಬರೆದವರು. ಆ ಅನುಭವದಿಂದ 1976ರ ಹೊತ್ತಿಗೆ ‘ಕೊಲೊಸಲ್ ಕೇವ್ ಅಡ್ವೆಂಚರ್’ ಹುಟ್ಟಿತು. ಅದರಲ್ಲಿ ಚಿತ್ರವೇ ಇಲ್ಲ. ಹೋಗಬೇಕಾದ ದಿಕ್ಕನ್ನು ಟೈಪ್ ಮಾಡಿದರೆ ಮುಂದಿನ ಜಾಗದ ವರ್ಣನೆ ತೆರೆಯ ಮೇಲೆ ಮೂಡುತ್ತಿತ್ತು. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಮಿಲ್ಲರ್ ಸಹೋದರರ ‘ಮಿಸ್ಟ್’ (1993) ನಿರ್ಜನ ದ್ವೀಪವನ್ನು ಚಿತ್ರಗಳಲ್ಲಿ ತೋರಿಸಿತು. ಅದರ ಕತೆಯ ಅಣ್ಣತಮ್ಮಂದಿರು ಎಂಥವರೆಂಬುದನ್ನು ಅವರ ಕೋಣೆಗಳ ಸಾಮಾನೇ ಹೇಳುತ್ತದೆ. ‘ಗಾನ್ ಹೋಮ್’ (2013) ಇನ್ನೂ ಮುಂದೆ ಹೋಯಿತು: ಶತ್ರುಗಳೇ ಇಲ್ಲ, ಇರುವುದು ಒಂದೇ ಮನೆ, ವಿದೇಶದಿಂದ ಮರಳಿದ ಅಕ್ಕ ಅಲ್ಲಿ ತಂಗಿಯ ಪ್ರೇಮದ ಕತೆಯನ್ನು ಹೆಕ್ಕುತ್ತಾಳೆ. ಈ ಬಗೆಯ ಅತ್ಯಂತ ಮಾನವೀಯ ಕೃತಿ ಇದೇ. ಭಾರತದಲ್ಲಿ ಗುಜರಾತಿನ ‘ಸ್ಟುಡಿಯೊ ಒಲಿಯೊಮಿಂಗಸ್’ ವಸಾಹತುಶಾಹಿಯ ನೆನಪುಗಳ ಮೇಲೆ ಇಂಥ ಆಟಗಳನ್ನು ಮಾಡಿದೆ.

ಕರ್ನಾಟಕಕ್ಕೆ ಸಂಬಂಧಿಸಿದ ಮುಖ್ಯ ಪ್ರಯೋಗ, ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅವರ ‘ಪ್ಲೇಸ್–ಹಂಪಿ’ (2006). ದುಂಡು ಪರದೆಯ ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತವರು ದಿಕ್ಕನ್ನು ತಾವೇ ಆರಿಸಿ ಹಂಪಿಯ ಮೂರು ಆಯಾಮದ ದೃಶ್ಯಗಳನ್ನು ಹೊಗುತ್ತಾರೆ. ಜಾನ್ ಗೋಲಿಂಗ್ಸ್ ತೆಗೆದ ಛಾಯಾಚಿತ್ರಗಳೊಳಗೆ ಪುರಾಣದ ದೇವತೆಗಳು ಅನಿಮೇಷನ್ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ಕಟ್ಟುನಿಟ್ಟಾಗಿ ಇದು ಗೇಮ್ ಅಲ್ಲ. ಆದರೂ ಮುಂದೆ ಎಲ್ಲಿಗೆ ಎಂಬ ತೀರ್ಮಾನ ನೋಡುಗರದೇ ಆದ್ದರಿಂದ ಈ ಇತಿಹಾಸದಲ್ಲಿ ಅದಕ್ಕೆ ಜಾಗ ಸಲ್ಲಬೇಕು. ಮುಂದೆ ಇದು ತೋರಣಗಲ್ಲಿನ ಬಳಿಯ ‘ಕಲಾಧಾಮ’ ಕಲಾಕೇಂದ್ರದಲ್ಲಿ ನೆಲೆಗೊಂಡಿತು.

ವಿಜಯಪುರದಲ್ಲಿ ಈ ಕಥನಕ್ಕೆ ಒದಗುವ ಜಾಗಗಳು ಕಣ್ಣೆದುರೇ ಇವೆ. ಇಲ್ಲಿನ ಸುಲ್ತಾನ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿಗೆಂದು ಎದ್ದ ಬಾರಾ ಕಮಾನ್ ಅರ್ಧಕ್ಕೇ ನಿಂತಿತು. 1672ರಲ್ಲಿ ಅವನು ತೀರಿಕೊಂಡ. ಚಾವಣಿ ಕಾಣದ ಕಮಾನುಗಳ ನಡುವೆ ನಡೆದರೆ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತೊರವಿ ಕಡೆಯಿಂದ ನಗರಕ್ಕೆ ನೀರು ತಂದ ಸುರಂಗ ಬಾವಿಗಳು ಗೇಮ್ ಒಂದರ ನಕ್ಷೆಗೆ ಹೇಳಿಮಾಡಿಸಿದಂತಿವೆ. ಇಟ್ಟಂಗಿಹಾಳ, ತೊರವಿಯಂಥ ಮಗ್ಗುಲ ಊರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಗೇಮ್ ಕಟ್ಟುವ ಕೆಲಸಕ್ಕೆ ಕೈಹಚ್ಚಬೇಕು. ಆಟದ ಮಾತು ವಿಜಯಪುರದ ಕನ್ನಡದಲ್ಲೇ ಇರಲಿ.