ರೇಷ್ಮೆಮೊಟ್ಟೆ: ಉಷ್ಣತೆ ಮತ್ತು ಕಿಣ್ವಕ್ರಿಯೆಯ ಇತಿಹಾಸ

ರೇಷ್ಮೆಹುಳುವಿಗೆ ತನ್ನದೇ ಮೈಬಿಸಿ ಇಲ್ಲ. ಸುತ್ತಲ ಗಾಳಿಯ ಬಿಸಿಗೆ ತಕ್ಕಂತೆ ಅದರ ಕಿಣ್ವಗಳು ಚುರುಕಾಗುತ್ತವೆ, ಇಲ್ಲವೇ ಮಂಕಾಗುತ್ತವೆ. ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿ, ಚನ್ನಪಟ್ಟಣ, ಕನಕಪುರಗಳ ಹುಳುಮನೆಗಳಲ್ಲಿ ಚಾಕಿ (ಎಳೆಯ) ಹುಳುವಿಗೆ 26–28 ಡಿಗ್ರಿ ಸೆಲ್ಸಿಯಸ್, ಬಲಿತ ಹುಳುವಿಗೆ 24–25 ಡಿಗ್ರಿ ಕಾಯ್ದುಕೊಳ್ಳಲು ರೈತರು ಹೆಣಗುವುದು ಇದಕ್ಕೇ. ಚಳಿ ಹೆಚ್ಚಾದರೆ ಹುಳು ಸೊಪ್ಪು ಕಡಿಮೆ ತಿಂದು ತಡವಾಗಿ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರುತ್ತದೆ. 30 ಡಿಗ್ರಿ ದಾಟಿದರೆ ರೋಗದ ಭಯ.

ಮೊಳಕೆ ಬಾರ್ಲಿಯ ಡಯಾಸ್ಟೇಸ್ ಕಿಣ್ವವನ್ನು 1833ರಲ್ಲಿ ಬೇರ್ಪಡಿಸಿದ ಫ್ರಾನ್ಸಿನ ಪಯೆನ್ ಮತ್ತು ಪರ್ಸೋ, ಕುದಿಸಿದರೆ ಅದು ಕೆಲಸಕ್ಕೆ ಬಾರದೆಂದು ಕಂಡಿದ್ದರು. ಬಿಸಿಯೇರಿದಂತೆ ರಾಸಾಯನಿಕ ಕ್ರಿಯೆ ವೇಗ ಪಡೆಯುವ ಲೆಕ್ಕವನ್ನು 1889ರಲ್ಲಿ ವಿಜ್ಞಾನಿ ಅರ್ಹೇನಿಯಸ್ ಕೊಟ್ಟರು. ಒಂದು ಮಿತಿಯವರೆಗೆ ಏರಿಕೆ, ಆಮೇಲೆ ಕುಸಿತ: ಪಠ್ಯಪುಸ್ತಕದ ನಿಯಮ ಇಷ್ಟೇ. ರೇಷ್ಮೆಮೊಟ್ಟೆ ಈ ನಿಯಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆಕೃಷಿ ನಿಂತದ್ದು ವರ್ಷವಿಡೀ ಮೊಟ್ಟೆಯೊಡೆಯುವ ಮೈಸೂರು ತಳಿಯ ಮೇಲೆ. ಯುರೋಪು, ಜಪಾನಿನ ತಳಿಗಳ ನೂಲು ಉದ್ದ, ಆದರೆ ಅವುಗಳ ಮೊಟ್ಟೆ ನಿದ್ರೆಗೆ ಜಾರಿ, ಚಳಿಗಾಲ ಕಳೆಯದೆ ಒಡೆಯದು. ಚನ್ನಪಟ್ಟಣದ ಸರ್ಕಾರಿ ರೇಷ್ಮೆ ಫಾರಂ 1914ರ ಸುಮಾರಿಗೆ ಇಟಲಿಯ ವಾಷಿಂಗ್ಟನ್ ಮಾರಿ ಅವರ ನೇತೃತ್ವದಲ್ಲಿ ಕೆಲಸ ಆರಂಭಿಸಿದಾಗಲೂ ಈ ತೊಡಕು ಇತ್ತು. ಹಿಮಗಾಲವನ್ನು ಮೈಸೂರು ಸೀಮೆಗೆ ತರುವುದಾದರೂ ಹೇಗೆ?

ಮೊಟ್ಟೆಯೊಳಗೆ ಆಗುವುದೇನೆಂದು ಬಿಡಿಸಿದವರು ಜಪಾನೀಯರು. ಮೊಟ್ಟೆಯನ್ನು ಮಲಗಿಸುವ ಹಾರ್ಮೋನು ತಾಯಿಯ ಮೈಯಿಂದ ಬರುತ್ತದೆಂದು 1951ರಲ್ಲಿ ಫುಕುಡಾ ಮತ್ತು ಹಸೆಗಾವಾ ತೋರಿಸಿದರು. ಮಲಗಿದ ಮೊಟ್ಟೆಯಲ್ಲಿ ಗ್ಲೈಕೋಜೆನ್ ಕರಗಿ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗುವುದನ್ನು ಅದೇ ದಶಕದಲ್ಲಿ ಚಿನೋ ಕಂಡುಕೊಂಡರು. ಸಾರ್ಬಿಟಾಲನ್ನು ಮರಳಿ ಗ್ಲೈಕೋಜೆನ್ ಮಾಡಲು ಬೇಕಾದ ಡಿಹೈಡ್ರೋಜಿನೇಸ್ ಕಿಣ್ವ ಬೆಚ್ಚಗಿನ ಕೋಣೆಯಲ್ಲಿ ಏಳುವುದಿಲ್ಲ. 5 ಡಿಗ್ರಿ ಚಳಿಯಲ್ಲಿ ವಾರಗಟ್ಟಲೆ ಇಟ್ಟರೆ ಅದರ ಚಟುವಟಿಕೆ ಏರುತ್ತದೆ. ಚಳಿಯ ಕಾಲವನ್ನು ಗಡಿಯಾರದಂತೆ ಅಳೆಯುವ ಇಎ4 ಎಂಬ ಎಸ್ಟರೇಸ್ ಕಿಣ್ವವನ್ನು ಗುರುತಿಸಿದವರು ಕಾಯ್ ಮತ್ತು ಸಂಗಡಿಗರು. ಅರ್ಹೇನಿಯಸ್ ಇದರಿಂದ ಸುಳ್ಳಾಗುವುದಿಲ್ಲ. ಚಳಿ ಕಿಣ್ವದ ವೇಗ ಹೆಚ್ಚಿಸುತ್ತಿಲ್ಲ, ಕಿಣ್ವ ಮೂಡುವುದಕ್ಕೆ ಅಪ್ಪಣೆ ಕೊಡುತ್ತಿದೆ.

ಚಳಿಗೆ ಬದಲಿ ದಾರಿಯೂ ಇದೆ. ಇಟ್ಟು ಒಂದು ದಿನದ ಆಸುಪಾಸಿನ ಮೊಟ್ಟೆಯನ್ನು 46 ಡಿಗ್ರಿ ಬಿಸಿಯ, 1.075 ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 5 ನಿಮಿಷ ಅದ್ದಿ ತೊಳೆದರೆ ಅದು ಮಲಗುವುದೇ ಇಲ್ಲ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಈಗಲೂ ಇದೇ ಕ್ರಮ.

ಮೈಸೂರು ಹಿಡಿದದ್ದು ಇನ್ನೂ ಜಾಣತನದ ದಾರಿ. ನಿದ್ರೆ ತಾಯಿಯ ಕಡೆಯದಾದ್ದರಿಂದ, ತಾಯಿ ಮೈಸೂರು ತಳಿ, ತಂದೆ ಚಳಿ ಬೇಡುವ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಆದರೆ ಮೊಟ್ಟೆ ಚಳಿ ಕೇಳದೆ ಒಡೆಯುತ್ತದೆ. ಹಾರ್ಮೋನಿನ ಕಥೆ ತಿಳಿಯುವ ಮೊದಲೇ, 20ನೇ ಶತಮಾನದ ಆರಂಭದ ದಶಕಗಳಲ್ಲಿ, ಈ ಮಿಶ್ರತಳಿ ಚಲಾವಣೆಗೆ ಬಂತು. ಆ ತಾಯಿತಳಿಯ ಬಿತ್ತನೆ ಗೂಡಿಗೆ ಮಾಗಡಿ, ಕುಣಿಗಲ್ ಪ್ರದೇಶ ಹೆಸರಾಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್ಆರ್ ದ್ವಿತಳಿಗಳು 1990ರ ದಶಕದಲ್ಲಿ ಬಂದ ಮೇಲೆ ಶೀತಗೃಹದ ಕೆಲಸ ಹೆಚ್ಚಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಗ ಹಳದಿ ಮಿಶ್ರತಳಿ, ಬಿಳಿ ದ್ವಿತಳಿ ಎರಡೂ ಹರಾಜಾಗುತ್ತವೆ.