ಹಿಂಡಿಯಿಂದ ಹೊದಿಕೆ: ಸಸ್ಯ ಪ್ರೋಟೀನ್ ಹಾಳೆಯ ಸಾಧ್ಯತೆ ಮತ್ತು ಮಿತಿ

ರಾಯಚೂರು ಮಾರುಕಟ್ಟೆಗೆ ಬರುವ ಹತ್ತಿಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಬೀಜದ್ದೇ. ಜಿನ್ನಿಂಗ್ ಕಾರ್ಖಾನೆಯಲ್ಲಿ ಅರಳೆಯಿಂದ ಬೇರ್ಪಟ್ಟ ಬೀಜ ಎಣ್ಣೆ ಗಿರಣಿಗೆ ಹೋಗಿ, ಹಿಂಡಿಯಾಗಿ ದನದ ಕೊಟ್ಟಿಗೆ ಸೇರುತ್ತದೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹತ್ತಿ ಮತ್ತು ಶೇಂಗಾದ ಹಾದಿಯೂ ಇದೇ. ಈ ಹಿಂಡಿಯ ಪ್ರೋಟೀನಿನಿಂದ ಮಣ್ಣಿನಲ್ಲಿ ಕರಗುವ ಹಾಳೆಯನ್ನು ತಯಾರಿಸಬಹುದು. ಅದು ಆಹಾರ ಕಟ್ಟಲು ಯೋಗ್ಯವೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ತತ್ವ ಸರಳವಾಗಿದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಸೋಯಾ ಹಾಲಿನ ಮೇಲೂ ಪೊರೆ ಕಟ್ಟುತ್ತದೆ. ಚೀನಾ, ಜಪಾನ್‌ಗಳಲ್ಲಿ ಅದನ್ನು ಎತ್ತಿ ಒಣಗಿಸಿ ತಿನ್ನುವ ರೂಢಿ ಹಳೆಯದು. ಪ್ರಯೋಗಾಲಯದಲ್ಲಿ ನಡೆಯುವುದು ಇದರ ಪರಿಷ್ಕೃತ ರೂಪ. ಎಣ್ಣೆ ಪೂರ್ಣವಾಗಿ ತೆಗೆದ ಹಿಂಡಿಯ ಹಿಟ್ಟನ್ನು ಕ್ಷಾರೀಯ ನೀರಿನಲ್ಲಿ ಕಲಕಿದರೆ ಪ್ರೋಟೀನ್ ಕರಗುತ್ತದೆ, ನಾರು ತಳಕ್ಕಿಳಿಯುತ್ತದೆ. ತಿಳಿಗೆ ಆಮ್ಲ ಬೆರೆಸಿ ಪಿಎಚ್ 4.5ರ ಆಸುಪಾಸಿಗೆ ತಂದಾಗ ಪ್ರೋಟೀನ್ ಮೊಸರಿನಂತೆ ಒಡೆಯುತ್ತದೆ. ಅದನ್ನು ತೊಳೆದು, ಮತ್ತೆ ನೀರಿನಲ್ಲಿ ಕರಗಿಸಿ, ಗ್ಲಿಸರಿನ್ ಸೇರಿಸಿ ಬಿಸಿ ಮಾಡಿ, ಸಮತಟ್ಟಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಒಣಗಿಸಲಾಗುತ್ತದೆ. ಗ್ಲಿಸರಿನ್ ಇಲ್ಲದಿದ್ದರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ, ಹೆಚ್ಚಾದರೆ ಜಿಗುಟಾಗುತ್ತದೆ.

ಇಂಥ ಹಾಳೆ ಒಣಗಿರುವಾಗ ಆಮ್ಲಜನಕವನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುತ್ತದೆ. ಆಮ್ಲಜನಕ ತಡೆಯುವ ಗುಣದಲ್ಲಿ ಸಾಮಾನ್ಯ ಪಾಲಿಥಿನ್ ಚೀಲವನ್ನೂ ಮೀರಿಸುತ್ತದೆ. ಅದರ ಶತ್ರು ನೀರು. ತೇವ ತಗುಲಿದೊಡನೆ ಉಬ್ಬಿ, ಮೆತ್ತಗಾಗಿ, ಹರಿಯುತ್ತದೆ. ಆದುದರಿಂದ ಹೋಟೆಲಿನಿಂದ ಬಿಸಿ ಸಾಂಬಾರ್ ಕಟ್ಟಿಸಿಕೊಂಡು ಹೋಗುವವರಿಗೆ ಇದು ಒದಗದು. ಗಾಳಿ ತಾಗಿ ಕಮಟುವ ಶೇಂಗಾ ಚಟ್ನಿಪುಡಿಯಂಥ ಒಣ ಪದಾರ್ಥಕ್ಕೆ, ಮಳೆಗಾಲದ ತೇವ ತಾಕದಂತೆ ಮೇಲೊಂದು ಹೊದಿಕೆಯಿದ್ದರೆ, ಒಪ್ಪುತ್ತದೆ.

ಕಚ್ಚಾವಸ್ತುವಿನ ಆಯ್ಕೆಯೂ ಸುಲಭವಲ್ಲ. ಸಿಪ್ಪೆ ತೆಗೆದ ಹತ್ತಿಬೀಜದ ಹಿಂಡಿಯಲ್ಲಿ ಶೇ 40ರಷ್ಟು ಪ್ರೋಟೀನ್ ಇರುತ್ತದೆ. ಜೊತೆಗೆ ಗಾಸಿಪಾಲ್ ಎಂಬ ಹಳದಿ ವಿಷವಸ್ತುವೂ ಇರುತ್ತದೆ. ಮೆಲುಕು ಹಾಕುವ ದನಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಮನುಷ್ಯರು, ಕೋಳಿ, ಹಂದಿಗಳು ತಾಳವು. ವಿಚಿತ್ರವೆಂದರೆ, 1990ರ ದಶಕದಲ್ಲಿ ಹತ್ತಿಬೀಜದ ಹಿಟ್ಟಿನಿಂದ ಹಾಳೆ ತಯಾರಿಸಿದ ಫ್ರಾನ್ಸಿನ ಸಂಶೋಧಕರು ಅದನ್ನು ಗಟ್ಟಿಗೊಳಿಸಲು ಇದೇ ಗಾಸಿಪಾಲನ್ನು ಪರೀಕ್ಷಿಸಿದ್ದರು. ಅಂಥ ಹಾಳೆ ಹೊಲದ ಮುಚ್ಚಿಗೆಗೋ ಸಸಿಚೀಲಕ್ಕೋ ಆದೀತು, ತಿನಿಸಿಗೆ ಸಲ್ಲದು. ಬೀಜದಲ್ಲಿ ಗಾಸಿಪಾಲ್ ಅತ್ಯಲ್ಪವಾಗಿರುವ ಕುಲಾಂತರಿ ಹತ್ತಿಯನ್ನು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೀರ್ತಿ ರಾಥೋರ್ ತಂಡ ರೂಪಿಸಿದ್ದು, 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದರ ಬೀಜವನ್ನು ಆಹಾರವಾಗಿ ಬಳಸಲು ಹಸಿರು ನಿಶಾನೆ ತೋರಿತು.

ಉಳಿಯುವುದು ಶೇಂಗಾ ಹಿಂಡಿ. ಅದರಲ್ಲಿ ಪ್ರೋಟೀನ್ ಶೇ 40ರಿಂದ 50ರವರೆಗಿದೆ, ಬಣ್ಣವೂ ತಿಳಿ. ಆದರೆ ಒದ್ದೆಯಲ್ಲಿ ಬೂಷ್ಟು ಹಿಡಿದ ಕಾಳಿನಿಂದ ಅಫ್ಲಾಟಾಕ್ಸಿನ್ ಬರುವ ಅಪಾಯವಿದೆ. ಶೇಂಗಾ ಅಲರ್ಜಿಯುಳ್ಳವರಿಗಾಗಿ ಪೊಟ್ಟಣದ ಮೇಲೆ ಎಚ್ಚರಿಕೆಯನ್ನೂ ಮುದ್ರಿಸಬೇಕಾದೀತು.

ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂತು. ಅಂಗಡಿಗಳಲ್ಲಿ ‘ಪರಿಸರಸ್ನೇಹಿ’ ಎಂದು ಮಾರುವ ಚೀಲಗಳೆಲ್ಲ ಸಸ್ಯಮೂಲದವಲ್ಲ. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಹೇಳಿಕೊಳ್ಳಲು ಐಎಸ್/ಐಎಸ್ಒ 17088 ಮಾನದಂಡಕ್ಕೆ ಹೊಂದಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಬೇಕು.

ಲೆಕ್ಕಾಚಾರದ ತೊಡಕು ಇನ್ನೊಂದು. ಹಿಂಡಿ ಇಲ್ಲಿ ಯಾರೂ ಎಸೆಯುವ ಕಸವಲ್ಲ, ಹೈನುಗಾರರು ಹಣ ಕೊಟ್ಟು ಕೊಳ್ಳುವ ಮೇವು. ಪ್ರೋಟೀನ್ ತೆಗೆದ ಮೇಲೆ ಉಳಿಯುವ ನಾರಿಗೆ ಆ ಬೆಲೆ ಸಿಗದು. ಆದ್ದರಿಂದ ಇಡೀ ಹಾಳೆಗಿಂತ ಕಾಗದದ ಮೇಲೆ ಪ್ರೋಟೀನಿನ ತೆಳು ಲೇಪ ಕೊಡುವುದೇ ಸದ್ಯಕ್ಕೆ ಕೈಗೆಟಕುವ ದಾರಿಯಾಗಿ ಕಾಣುತ್ತದೆ. ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಮಿರ್ಚಿ ಭಜಿಯ ಎಣ್ಣೆ ಸೋರದ ಕಾಗದಕ್ಕೆ ಇಂಥ ಲೇಪ ಸಾಕು. ಇದನ್ನು ಪರೀಕ್ಷಿಸಬಲ್ಲ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೇ ಇದೆ.