ಅಕ್ಷರದಿಂದ ಪದಕ್ಕೆ: ಇಂಗ್ಲಿಷ್ ಪದದಾಟಗಳಲ್ಲಿ ಹುಡುಕಾಟದ ಕ್ರಮ

ಸ್ಕ್ರ್ಯಾಬಲ್ ಆಡುವಾಗ ಕೈಯಲ್ಲಿರುವ ಏಳು ಬಿಲ್ಲೆಗಳಿಂದ ಒಂದು ಪದವೂ ಹೊಳೆಯದಿದ್ದರೆ ಆಟಗಾರರು ತಮ್ಮ ಇಂಗ್ಲಿಷ್ ಪದಸಂಪತ್ತನ್ನೇ ದೂರುತ್ತಾರೆ. ಹೆಚ್ಚು ಓದಿದವರಿಗೆ ಹೆಚ್ಚು ಪದ ಗೊತ್ತು, ಆದ್ದರಿಂದ ಗೆಲುವು ಅವರದೇ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಕೊಟ್ಟ ಅಕ್ಷರಗಳಿರುವ ಪದವನ್ನು ಹುಡುಕುವುದು ಮೂಲತಃ ವಿಂಗಡಣೆಯ ಕೆಲಸ. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಿಟ್ಟಿದ್ದೇವೆ ಎಂಬುದರ ಮೇಲೆ ಯಾವುದು ಸಿಗುತ್ತದೆ, ಯಾವುದು ಕಣ್ಣೆದುರೇ ತಪ್ಪಿಹೋಗುತ್ತದೆ ಎಂಬುದು ನಿಂತಿದೆ.

ಎ, ಇ, ಜಿ, ಐ, ಎಲ್, ಎನ್, ಆರ್, ಟಿ ಎಂಬ ಎಂಟು ಅಕ್ಷರಗಳನ್ನು ತೆಗೆದುಕೊಳ್ಳೋಣ. ಇವುಗಳಿಂದ ಟ್ರಯಾಂಗಲ್ ಆಗುತ್ತದೆ, ಇಂಟಿಗ್ರಲ್ ಆಗುತ್ತದೆ. ಆಲ್ಟರಿಂಗ್, ಅಲರ್ಟಿಂಗ್, ರಿಲೇಟಿಂಗ್ ಎಂಬ ಇನ್ನೂ ಮೂರು ಸಿಗುತ್ತವೆ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಈ ಐದರಲ್ಲಿ ಯಾವುದೂ ಹೊಸದಲ್ಲ. ಮೊದಲೆರಡಂತೂ ಗಣಿತದ ಪಾಠದಲ್ಲೇ ಬರುವಂಥವು. ಆದರೂ ಒಂದರ ಅಕ್ಷರಗಳಲ್ಲೇ ಇನ್ನೊಂದು ಅಡಗಿದೆ ಎಂಬುದು ಸುಲಭವಾಗಿ ಹೊಳೆಯುವುದಿಲ್ಲ. ಉಚ್ಚಾರಣೆಯಲ್ಲಿ ಅವು ಒಂದಕ್ಕೊಂದು ದೂರ, ಅರ್ಥದಲ್ಲಿ ಬೇರೆ, ನಿಘಂಟಿನಲ್ಲಂತೂ ಟಿ, ಐ, ಎ, ಆರ್ ವಿಭಾಗಗಳಲ್ಲಿ ಚದುರಿವೆ. ಪಳಗಿದ ಆಟಗಾರರು ಕಂಡುಕೊಂಡ ಉಪಾಯವೆಂದರೆ ಪ್ರತಿ ಪದವನ್ನೂ ಬಿಡಿಸಿ, ಅದರ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದುಕೊಳ್ಳುವುದು. ಇದನ್ನು ಆಲ್ಫಾಗ್ರಾಮ್ ಎನ್ನುತ್ತಾರೆ. ಹೀಗೆ ಬರೆದೊಡನೆ ಐದೂ ಪದಗಳು ಒಂದೇ ಸಾಲಿನಡಿ ಬಂದು ನಿಲ್ಲುತ್ತವೆ. ಹೊಸದಾಗಿ ಒಂದು ಪದವನ್ನೂ ಕಲಿಯದೆ, ಬರಿ ಕ್ರಮ ಬದಲಿಸಿದ್ದರಿಂದ ಆದ ಲಾಭವಿದು.

ಭಾಷೆಯ ರಚನೆ ಗೊತ್ತಿದ್ದವನಿಗೆ ಇಂಥ ಯಾಂತ್ರಿಕ ಉಪಾಯ ಬೇಕಿಲ್ಲ, ಪ್ರತ್ಯಯಗಳೇ ದಾರಿ ತೋರಿಸುತ್ತವೆ ಎಂದು ಆಕ್ಷೇಪಿಸಬಹುದು. ಇದರಲ್ಲಿ ಹುರುಳಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಈ ಆಟವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನು ಗೊತ್ತುಮಾಡಿದರು. 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12 ದಕ್ಕಿದರೆ, ಇಂಗ್ಲಿಷಿನಲ್ಲಿ ಅಷ್ಟು ಹೇರಳವಾಗಿ ಬಳಕೆಯಾಗುವ ಎಸ್‌ಗೆ ದಕ್ಕಿದ್ದು ನಾಲ್ಕೇ. ಬಹುವಚನದ ಎಸ್ ಹಚ್ಚಿ ಸಲೀಸಾಗಿ ಅಂಕ ಗಳಿಸುವುದನ್ನು ತಡೆಯುವುದು ಅವರ ಉದ್ದೇಶವಾಗಿತ್ತು. ಪ್ರತ್ಯಯದ ಬಲ ಅಷ್ಟು ದೊಡ್ಡದು. ಆದರೆ ಅದೇ ಬಲ ಕಣ್ಣನ್ನು ಕಟ್ಟಿಹಾಕುವುದೂ ಉಂಟು. ಮೇಲಿನ ಎಂಟು ಅಕ್ಷರಗಳಲ್ಲಿ ಐ, ಎನ್, ಜಿ ಮೂರನ್ನೂ ಪ್ರತ್ಯಯವೆಂದು ಪಕ್ಕಕ್ಕೆ ಎತ್ತಿಟ್ಟವರಿಗೆ ಕ್ರಿಯಾರೂಪದ ಮೂರು ಪದಗಳು ಬೇಗ ಸಿಗುತ್ತವೆ. ಟ್ರಯಾಂಗಲ್, ಇಂಟಿಗ್ರಲ್ ಎರಡೂ ಕೈತಪ್ಪುತ್ತವೆ. ಪ್ರತ್ಯಯಜ್ಞಾನವೂ ಒಂದು ವಿಂಗಡಣೆಯೇ, ಅದಕ್ಕೂ ಅದರದೇ ಮಿತಿಯಿದೆ.

ಅರ್ಥಜ್ಞಾನಕ್ಕೂ ಈ ಹುಡುಕಾಟಕ್ಕೂ ಇರುವ ನಂಟು ಎಷ್ಟು ಸಡಿಲ ಎಂಬುದಕ್ಕೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಬಲವಾದ ಸಾಕ್ಷಿ. ಫ್ರೆಂಚ್ ಮಾತಾಡಲು ಬಾರದ ಅವರು 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. 2024ರಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯನ್ನೂ ಪಡೆದರು. ಇಂಥ ನೆನಪಿನ ಶಕ್ತಿ ಅಪರೂಪದ್ದು, ಅದರಿಂದ ಸಾಮಾನ್ಯ ನಿಯಮ ಕಟ್ಟಲಾಗದು ಎಂದರೆ ಒಪ್ಪಬೇಕು. ಆದರೆ ಅರ್ಥ ಅನಿವಾರ್ಯವಲ್ಲ ಎಂದು ತೋರಿಸಲು ಒಂದು ಉದಾಹರಣೆ ಸಾಕು.

ಯಂತ್ರಗಳ ಅನುಭವವೂ ಇದನ್ನೇ ಹೇಳುತ್ತದೆ. ಆಂಡ್ರ್ಯೂ ಆಪೆಲ್ ಮತ್ತು ಗೈ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಸ್ಕ್ರ್ಯಾಬಲ್ ಪ್ರೋಗ್ರಾಂನಲ್ಲಿ ಪದಗಳ ಸಮಾನ ಆರಂಭಗಳನ್ನೂ ಸಮಾನ ಅಂತ್ಯಗಳನ್ನೂ ಬೆಸೆದು ನಿಘಂಟನ್ನು ಜಾಲದಂತೆ ಹೆಣೆದಿದ್ದರು. ಆದರೂ ಅದನ್ನು ಓದಬೇಕಾದದ್ದು ಮೊದಲ ಅಕ್ಷರದಿಂದಲೇ. 1994ರಲ್ಲಿ ಸ್ಟೀವನ್ ಗಾರ್ಡನ್ ಪ್ರತಿ ಪದವನ್ನೂ ಅದರ ಯಾವ ಅಕ್ಷರದಿಂದ ಬೇಕಾದರೂ ಓದಲು ಬರುವಂತೆ ಜೋಡಿಸಿದರು. ಜಾಗ ಸುಮಾರು ಐದು ಪಟ್ಟು ಹಿಡಿಯಿತು, ವೇಗ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತು. ಪದಪಟ್ಟಿ ದೊಡ್ಡದಾಗಿರಲಿಲ್ಲ, ಅದರೊಳಗೆ ಹೊಕ್ಕುವ ಬಾಗಿಲುಗಳು ಹೆಚ್ಚಿದ್ದವು. ಈ ತಿಳಿವಳಿಕೆ ಕಂಪ್ಯೂಟರಿಗಿಂತ ಹಳೆಯದು. ಜಾನ್ ವಾಕರ್ 1775ರಲ್ಲೇ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಪ್ರಾಸಕ್ಕೆಂದೇ ಇಂಗ್ಲಿಷ್ ನಿಘಂಟು ಹೊರತಂದಿದ್ದರು.

ಪದವನ್ನು ಹೀಗೆ ಅಕ್ಷರಗಳ ಗುಡ್ಡೆಯಾಗಿ ನೋಡಿದರೆ ಭಾಷೆಯ ಜೀವವೇ ಹೋಗುತ್ತದೆ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಕ್ಯೂ ಅಕ್ಷರದ ಉದಾಹರಣೆ ಇದಕ್ಕೆ ಉತ್ತರ ಕೊಡಬಲ್ಲದು. ಹತ್ತು ಅಂಕದ ಈ ಬಿಲ್ಲೆ ಕೈಗೆ ಬಂದು ಯು ಸಿಗದಿದ್ದರೆ ಆಟಗಾರರು ಯು ಜೊತೆಗಿಲ್ಲದೆಯೇ ಕ್ಯೂ ಬರುವ ಪದಗಳನ್ನು ಹುಡುಕುತ್ತಾರೆ. ಆಗ ಸಿಗುವವು ಫಕೀರ, ತಲಾಖ್, ನಿಖಾಬ್ ಮುಂತಾದವು. ಇಂಗ್ಲಿಷ್ ಕಾಗುಣಿತದಲ್ಲಿ ಇವೆಲ್ಲದರಲ್ಲೂ ಕ್ಯೂ ಇದೆ. ಅರಬ್ಬಿಯ ‘ಕಾಫ್’ ಅಕ್ಷರವನ್ನು ರೋಮನ್ ಲಿಪಿಗೆ ಇಳಿಸಿದ ಗುರುತು ಅದು. ನಿಘಂಟು ಇವನ್ನು ಎಫ್, ಟಿ, ಎನ್ ಎಂದು ಮೂರು ಕಡೆ ಹಂಚಿಬಿಟ್ಟಿದೆ. ಅಕ್ಷರದ ಹುಡುಕಾಟ ಅವನ್ನು ಒಂದೆಡೆ ಸೇರಿಸಿ, ಇಂಗ್ಲಿಷ್ ಎಲ್ಲಿಂದ ಕಡ ತಂದಿತು ಎಂಬ ಚರಿತ್ರೆಯನ್ನು ತೆರೆದಿಡುತ್ತದೆ. ಅರ್ಥವನ್ನು ಬದಿಗಿಟ್ಟು ಹೊರಟ ಹುಡುಕಾಟ ಪದಮೂಲದ ಶೋಧವಾಗಿ ಫಲಿಸಿತು. ಈ ವಿಧಾನದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಇದೇ.

ಕನ್ನಡಕ್ಕೆ ಈ ಪ್ರಶ್ನೆ ಪರಕೀಯವೇನಲ್ಲ. ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸಿದ ಹಳಗನ್ನಡ ಕವಿಗಳಿಗೆ ಬೇಕಿದ್ದುದು ಎರಡನೆಯ ಅಕ್ಷರದಲ್ಲಿ ಗೊತ್ತಾದ ವ್ಯಂಜನವಿರುವ ಪದ. 1894ರ ಕಿಟೆಲ್ ನಿಘಂಟಿನ ವರ್ಣಾನುಕ್ರಮ ಅವರ ಆ ಅಗತ್ಯಕ್ಕೆ ಒದಗುವಂಥದ್ದಲ್ಲ. ಇಂದಿನ ಕಂಪ್ಯೂಟರಿನಲ್ಲಿ ತೊಡಕು ಇನ್ನೂ ಒಂದಿದೆ: ‘ಕ್ತಿ’ ಎಂಬ ಒಂದೇ ಅಕ್ಷರವನ್ನು ಯೂನಿಕೋಡ್ ಕ, ವಿರಾಮ, ತ, ಇಕಾರ ಎಂದು ನಾಲ್ಕು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಇಂಗ್ಲಿಷಿಗೆ ರೂಪಿಸಿದ ಹುಡುಕಾಟವನ್ನು ಹಾಗೆಯೇ ತಂದು ಕೂರಿಸಿದರೆ ಅದು ಕನ್ನಡದ ಅಕ್ಷರವನ್ನು ಗುರುತಿಸಲಾರದು. ನಮ್ಮ ನಿಘಂಟುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವವರು ಮೊದಲ ಅಕ್ಷರಕ್ಕಷ್ಟೇ ನಿಲ್ಲದೆ, ಎರಡನೆಯ, ಕೊನೆಯ ಮತ್ತು ನಡುವಿನ ಅಕ್ಷರಗಳಿಂದಲೂ ಪದ ಹುಡುಕಲು ಬರುವಂತೆ ಅವನ್ನು ರೂಪಿಸಬೇಕು.